ಮುನ್ನೂರರ ಕತ್ತರಿಯೋ, ಮೂರು ಸಾವಿರದ ಕತ್ತರಿಯೋ

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ನಿಂತರೆ ಒಂದು ಚೌಕಾಸಿ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ಕೌಂಟರಿನ ಗಾಜಿನ ಕೆಳಗೆ ಎಲೆಕ್ಟ್ರಿಷಿಯನ್ ಕತ್ತರಿಗಳು ಎರಡು ಬಗೆ ಇರುತ್ತವೆ. ಒಂದು ಮುನ್ನೂರರ ಆಸುಪಾಸಿನದು, ಇನ್ನೊಂದು ಮೂರು ಸಾವಿರದ ಹತ್ತಿರದ್ದು. ಎರಡೂ ಗೇಣಿಗಿಂತ ಗಿಡ್ಡ, ಎರಡಕ್ಕೂ ಮೋಟು ಅಲಗು, ದಪ್ಪ ಪ್ಲಾಸ್ಟಿಕ್ ಹಿಡಿಕೆ, ಕೀಲಿನ ಹತ್ತಿರ ವಾಯರ್ ಕತ್ತರಿಸಲು ಒಂದು ಕಚ್ಚು. ವಯಸ್ಸಾದ ಮಿಸ್ತ್ರಿಯೊಬ್ಬರು ಎರಡನ್ನೂ ಎರಡು ಕೈಯಲ್ಲಿ ಹಿಡಿದು, ತೆರೆದು ಮುಚ್ಚಿ ನೋಡಿ, "ಸಾಹುಕಾರ್ರೆ, ಇದಕ್ಕೇನು ಬಂಗಾರ ಹಚ್ಚ್ಯಾರೇನ್ರಿ?" ಅಂದದ್ದು ನೆನಪಿದೆ. "ಜರ್ಮನಿ ಮಾಲ್ ಅದ ಅಣ್ಣಾ, ಒಮ್ಮೆ ತಗೊಂಡ್ರ ನಿಮ್ಮ ಮಗನೂ ವಾಪರಸ್ತಾನ" ಅಂತ ಅಂಗಡಿಯವರ ಉತ್ತರ. ಮಿಸ್ತ್ರಿ ಮುನ್ನೂರರದನ್ನೇ ತಗೊಂಡು ಹೋದರು. ಅವರು ಮಾಡಿದ್ದು ಸರಿಯೋ ತಪ್ಪೋ ಅನ್ನುವುದು ಅವರು ಮಾಡುವ ಕೆಲಸ ಯಾವುದು ಅನ್ನುವುದರ ಮೇಲೆ ನಿಂತಿದೆ. ಅದನ್ನು ಅಂಗಡಿಯವರು ಕೇಳಲಿಲ್ಲ, ಮಿಸ್ತ್ರಿಯೂ ಹೇಳಲಿಲ್ಲ.

ದುಬಾರಿ ಕತ್ತರಿ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಒಳ್ಳೆಯತನ ಯಾರ ಕೈಯಲ್ಲಿ ದುಡ್ಡಾಗಿ ತಿರುಗಿ ಬರುತ್ತದೆ, ಯಾರ ಕೈಯಲ್ಲಿ ಚೀಲದೊಳಗೆ ಸುಮ್ಮನೆ ಕೂರುತ್ತದೆ ಅನ್ನುವುದನ್ನು ಬಿಡಿಸಿ ನೋಡಬೇಕು. ದಿನಗೂಲಿಯ ಮೇಲೆ ದುಡಿಯುವವನಿಗೆ ಮೂರು ಸಾವಿರ ಅಂದರೆ ನಾಲ್ಕು ದಿನದ ಸಂಬಳ.

ಹೊಸದಿದ್ದಾಗ ಎರಡೂ ಒಂದೇ

ಮೊದಲು ಗೊತ್ತಿರಬೇಕಾದ ಮಾತು: ಪ್ಯಾಕೆಟ್ಟಿನಿಂದ ತೆಗೆದ ದಿನ ಮುನ್ನೂರರ ಕತ್ತರಿಯೂ ಎರಡೂವರೆ ವಾಯರನ್ನು (ಅಂದರೆ ಎರಡೂವರೆ ಚದರ ಮಿ.ಮೀ. ತಾಮ್ರದ್ದನ್ನು) ಸಲೀಸಾಗಿ ಕತ್ತರಿಸುತ್ತದೆ. ಆದ್ದರಿಂದ ಅಂಗಡಿಯಲ್ಲಿ ಒಂದು ತುಂಡು ವಾಯರ್ ಕತ್ತರಿಸಿ ನೋಡಿ ತೀರ್ಮಾನಿಸಿದರೆ ಏನೂ ತಿಳಿಯುವುದಿಲ್ಲ. ಬೆಲೆಯ ವ್ಯತ್ಯಾಸ ಇರುವುದು ಆರು ತಿಂಗಳ ನಂತರದ ಕತ್ತರಿಯಲ್ಲಿ.

ಕತ್ತರಿಯ ಎರಡು ಅಲಗುಗಳು ಉದ್ದಕ್ಕೂ ಒಂದಕ್ಕೊಂದು ತಾಗಿಕೊಂಡಿರುವುದಿಲ್ಲ. ಒಳ್ಳೆಯ ಕತ್ತರಿಯನ್ನು ಮುಚ್ಚಿ ಅಂಚಿನ ಕಡೆಯಿಂದ ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಸಂದು ಕಾಣುತ್ತದೆ, ತುದಿಯಲ್ಲಿ ಮಾತ್ರ ಎರಡೂ ಕೂಡಿರುತ್ತವೆ. ಅಲಗುಗಳನ್ನು ಬೇಕೆಂದೇ ಸ್ವಲ್ಪ ಬಾಗಿಸಿರುತ್ತಾರೆ. ಮುಚ್ಚುತ್ತಾ ಹೋದಂತೆ ಅವು ಒಂದೇ ಬಿಂದುವಿನಲ್ಲಿ ಒತ್ತಿಕೊಂಡು, ಆ ಬಿಂದು ಕೀಲಿನಿಂದ ತುದಿಯ ಕಡೆಗೆ ಸಾಗುತ್ತದೆ. ಆ ಒತ್ತಡ ಹುಟ್ಟುವುದು ಕೀಲಿನ ಬಿಗಿಯಿಂದ. ಅಗ್ಗದ ಕತ್ತರಿಯಲ್ಲಿ ಕೀಲು ಮೆದು ರಿವೆಟ್. ದಿನಕ್ಕೆ ನೂರಿನ್ನೂರು ಸಲ ದಪ್ಪ ವಾಯರ್ ಮೇಲೆ ಒತ್ತಿದಾಗ ರಿವೆಟ್ಟಿನ ತೂತು ಹಿಗ್ಗುತ್ತದೆ, ಅಲಗುಗಳು ಪಕ್ಕಕ್ಕೆ ಸರಿಯಲು ಶುರುವಾಗುತ್ತವೆ. ಅಂಚು ಇನ್ನೂ ಚೂಪಾಗಿಯೇ ಇರುತ್ತದೆ, ಆದರೂ ತೆಳ್ಳನೆಯ ತಾಮ್ರದ ಎಳೆ ಕತ್ತರಿಸುವ ಬದಲು ಎರಡು ಅಲಗುಗಳ ನಡುವೆ ಮಡಿಚಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. "ಕತ್ರಿ ಮೊಂಡಾಗ್ಯಾದ" ಅಂತ ಬಿಸಾಕುವ ಎಷ್ಟೋ ಕತ್ತರಿಗಳು ಮೊಂಡಾಗಿರುವುದಿಲ್ಲ, ಕೀಲು ಸಡಿಲಾಗಿರುತ್ತವೆ. ರಿವೆಟ್ ಇದ್ದರೆ ಅದನ್ನು ಸುತ್ತಿಗೆಯಿಂದ ಒಂದೆರಡು ಸಲ ಬಡಿದು ಬಿಗಿಮಾಡಬಹುದು, ಅದಕ್ಕಿಂತ ಹೆಚ್ಚಿಗೆ ಉಳಿಯುವುದಿಲ್ಲ. ಸ್ಕ್ರೂ ಮತ್ತು ಲಾಕ್ ನಟ್ ಇರುವ ಕೀಲಾದರೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದರೆ ಸಾಕು, ಮತ್ತೆ ಹೊಸದರಂತೆ ನಡೆಯುತ್ತದೆ. ದುಡ್ಡು ಹೆಚ್ಚು ಕೊಡಲು ನನಗೆ ಕಾಣುವ ಮೊದಲ ಕಾರಣ ಈ ಕೀಲು. ಉಕ್ಕು ಎರಡನೆಯದು.

ಉಕ್ಕಿನ ವಿಷಯ ಬಂದಾಗ ಒಳ್ಳೆಯ ಕಂಪನಿಗಳು ಸುಮಾರು 56 ಎಚ್‌ಆರ್‌ಸಿ ಗಡಸುತನ ಅಂತ ಬರೆದಿರುತ್ತವೆ, ಅದು ಉಕ್ಕಿನ ಗಡಸು ಅಳೆಯುವ ರಾಕ್‌ವೆಲ್ ಮಾಪನ. ತಾಮ್ರಕ್ಕೆ, ಅಲ್ಯೂಮಿನಿಯಂಗೆ, ಪಿವಿಸಿಗೆ ಇಷ್ಟು ಗಡಸು ಬೇಕಾಗಿಲ್ಲ. ಅದು ಬೇಕಾಗುವುದು ಒಂದು ಅಲಗಿನ ಅಂಚಿನಲ್ಲಿರುವ ಸಣ್ಣ ಹಲ್ಲುಗಳು ಉಳಿಯಲು. ಮೋಟು ಅಲಗಿನಲ್ಲಿ ದುಂಡನೆಯ ವಾಯರ್ ಇಟ್ಟು ಒತ್ತಿದರೆ ಅದು ಮುಂದಕ್ಕೆ ಜಾರುತ್ತದೆ, ಆ ಹಲ್ಲುಗಳು ಜಾರದಂತೆ ಹಿಡಿಯುತ್ತವೆ. ಫೈಬರ್ ಇಂಟರ್ನೆಟ್ ಕೇಬಲ್ಲಿನ ಒಳಗೆ ಹಳದಿ ದಾರದಂಥ ಅರಾಮಿಡ್ ಎಳೆ ಇರುತ್ತದೆಯಲ್ಲ, ಅದನ್ನು ಮೆದು ಉಕ್ಕಿನ, ಹಲ್ಲಿಲ್ಲದ ಕತ್ತರಿ ಕತ್ತರಿಸುವುದೇ ಇಲ್ಲ, ಜಗಿದು ಬಿಡುತ್ತದೆ. ಮನೆ ಮನೆಗೆ ಫೈಬರ್ ಎಳೆಯುವ ಹುಡುಗರಿಗೆ ಈ ಒಂದು ಕಾರಣಕ್ಕೇ ಒಳ್ಳೆಯ ಕತ್ತರಿ ಬೇಕು. ಅವರ ಮಟ್ಟಿಗೆ ಲೆಕ್ಕ ಹಾಕುವ ಪ್ರಶ್ನೆಯೇ ಇಲ್ಲ.

ಇನ್ನೊಂದು ವಿಷಯ ಬಲದ್ದು, ಇದು ಯಾವ ಬೆಲೆಯ ಕತ್ತರಿಗೂ ಅನ್ವಯಿಸುತ್ತದೆ. ಕೀಲಿನಿಂದ ಕೈ ಒತ್ತುವ ಜಾಗಕ್ಕೆ 80 ಮಿ.ಮೀ. ಅಂತಿರಲಿ. ವಾಯರನ್ನು ಕೀಲಿನಿಂದ 15 ಮಿ.ಮೀ. ದೂರದ ಕಚ್ಚಿನಲ್ಲಿ ಇಟ್ಟರೆ ಕೈಯ ಬಲ ಐದು ಪಟ್ಟಿಗಿಂತ ಹೆಚ್ಚಾಗಿ ಸಿಗುತ್ತದೆ, 45 ಮಿ.ಮೀ. ದೂರದ ತುದಿಯಲ್ಲಿ ಇಟ್ಟರೆ ಎರಡು ಪಟ್ಟೂ ಸಿಗುವುದಿಲ್ಲ. ತುದಿಯಲ್ಲಿ ನಾಲ್ಕರ ವಾಯರ್ ಇಟ್ಟು ಎರಡು ಕೈ ಹಾಕಿ ಹಿಸುಕುವವರು ಕೀಲನ್ನು ಅವತ್ತೇ ಹಾಳುಮಾಡುತ್ತಾರೆ. ತುದಿ ಇರುವುದು ಟೇಪು, ಕೇಬಲ್ ಟೈ, ಹೀಟ್ ಶ್ರಿಂಕ್ ಸ್ಲೀವು, ತೆಳು ಎಳೆಗಳಿಗೆ.

ದಾಲ್ ಮಿಲ್ಲಿನ ಪ್ಯಾನಲ್ ಒಳಗೆ

ಕತ್ತರಿ ಸರಿಯಿಲ್ಲದಿದ್ದರೆ ಆಗುವುದೇನು? ವಾಯರ್ ಹೇಗಾದರೂ ತುಂಡಾಗುತ್ತದಲ್ಲ, ಪಕ್ಕಡಿನಿಂದಲೂ (ಪ್ಲಯರ್) ಆಗುತ್ತದಲ್ಲ ಅನ್ನುವವರಿಗೆ ದಾಲ್ ಮಿಲ್ಲಿನ ಪ್ಯಾನಲ್ (ಸ್ಟಾರ್ಟರ್, ಸ್ವಿಚ್ಚುಗಳ ಪೆಟ್ಟಿಗೆ) ಒಂದನ್ನು ತೆರೆದು ತೋರಿಸಬೇಕು. ತೊಗರಿ ಸುಗ್ಗಿ ಮುಗಿದು ಗಂಜ್ ಮಾರುಕಟ್ಟೆಗೆ ಮಾಲು ಬರುವ ದಿನಗಳಲ್ಲಿ ಕಪನೂರಿನ ಕಡೆ ಮಿಲ್ಲುಗಳು ಬಿಡುವಿಲ್ಲದೆ ಓಡುತ್ತವೆ. ಅಂಥ ಒಂದು ಮಿಲ್ಲಿನಲ್ಲಿ ಹತ್ತು ಎಚ್‌ಪಿ ಮೋಟಾರಿನ ಸ್ಟಾರ್ಟರ್ ಮೇಲಿಂದ ಮೇಲೆ ಟ್ರಿಪ್ ಆಗುತ್ತಿತ್ತು. ಓವರ್‌ಲೋಡ್ ರಿಲೇ ಬದಲಿಸಿದರು, ಬೇರಿಂಗ್ ನೋಡಿದರು, ಬೆಲ್ಟು ಸಡಿಲಿಸಿದರು. ಕೊನೆಗೆ ಕಾಂಟ್ಯಾಕ್ಟರಿನ (ಸ್ಟಾರ್ಟರಿನೊಳಗಿನ ಸ್ವಿಚ್ಚಿನ) ಟರ್ಮಿನಲ್ ಒಂದರ ಸುತ್ತ ಪ್ಲಾಸ್ಟಿಕ್ ಕಂದಿರುವುದು ಕಣ್ಣಿಗೆ ಬಿತ್ತು. ವಾಯರ್ ಬಿಚ್ಚಿದರೆ ಒಳಗೆ ಎಳೆಗಳು ಅರ್ಧ ಕಪ್ಪು, ಅರ್ಧ ಚಪ್ಪಟೆ.

ಅಲ್ಲಿ ನಡೆದದ್ದು ಹೀಗೆ. ನಾಲ್ಕರ ಫ್ಲೆಕ್ಸಿಬಲ್ ವಾಯರಿನಲ್ಲಿ 0.3 ಮಿ.ಮೀ. ದಪ್ಪದ 56 ಎಳೆಗಳಿರುತ್ತವೆ. ಎರಡೂವರೆಯಲ್ಲಿ 36, ಒಂದೂವರೆಯಲ್ಲಿ 22. ಪಕ್ಕಡಿನ ಬಾಯಿ ಎರಡೂ ಕಡೆಯಿಂದ ಬೆಣೆಯಂತೆ ಒತ್ತಿ ಕಡಿಯುತ್ತದೆ, ಕತ್ತರಿಯಂತೆ ಒಂದರ ಪಕ್ಕ ಒಂದು ಸರಿದು ಕತ್ತರಿಸುವುದಿಲ್ಲ. ಹಾಗಾಗಿ ವಾಯರಿನ ತುದಿ ಚಪ್ಪಟೆಯಾಗಿ, ಎಳೆಗಳು ಆಚೆ ಈಚೆ ಕೆದರಿಕೊಳ್ಳುತ್ತವೆ. ಕೀಲು ಸಡಿಲಾದ ಕತ್ತರಿಯೂ ಇದನ್ನೇ ಮಾಡುತ್ತದೆ. ಕೆದರಿದ ತುದಿ ಪಿನ್ ಲಗ್ಗಿನೊಳಗೆ, ಅಂದರೆ ವಾಯರಿನ ತುದಿಗೆ ತೊಡಿಸಿ ಒತ್ತುವ ಲೋಹದ ಕೊಳವೆಯೊಳಗೆ, ಹೋಗುವುದಿಲ್ಲ. ತಿರುಚಿ ನೋಡಿದರೂ ನಾಲ್ಕೆಂಟು ಎಳೆ ಹೊರಗೇ ಉಳಿಯುತ್ತವೆ. ಕೆಲಸ ಬೇಗ ಮುಗಿಯಬೇಕಾದ ಕೈ ಆ ಎಳೆಗಳನ್ನು ಕತ್ತರಿಸಿ ಹಾಕುತ್ತದೆ. ಐವತ್ತಾರರಲ್ಲಿ ಹನ್ನೆರಡು ಹೋದರೆ ಉಳಿದದ್ದು 44. ನಾಲ್ಕರ ವಾಯರ್ ಆ ಜಾಗದಲ್ಲಿ ಮೂರಕ್ಕೆ ಇಳಿದಂತೆ.

ಅಷ್ಟು ಸಣ್ಣ ಉದ್ದದಲ್ಲಿ ತಾಮ್ರ ಕಡಿಮೆಯಾದದ್ದು ನಿಜವಾದ ಕೆಡುಕಲ್ಲ, ಆ ಬಿಸಿ ಪಕ್ಕದ ತಾಮ್ರಕ್ಕೆ ಹರಿದುಹೋಗುತ್ತದೆ. ಲಗ್ಗಿನೊಳಗೆ ಎಳೆಗಳು ತುಂಬಿಕೊಂಡಿಲ್ಲ ಅನ್ನುವುದೇ ಕೆಡುಕು. ತುಂಬದ ಲಗ್ಗನ್ನು ಎಷ್ಟು ಒತ್ತಿದರೂ ಒಳಗೆ ಗಾಳಿ ಉಳಿಯುತ್ತದೆ. ಮಿಲ್ಲು ನಡುಗಿದಂತೆಲ್ಲ ಎಳೆಗಳು ಸರಿಯುತ್ತವೆ, ಸ್ಕ್ರೂ ಸಡಿಲಾಗುತ್ತದೆ, ತಾಮ್ರದ ಮೇಲೆ ಕಪ್ಪು ಪದರ ಕೂರುತ್ತದೆ. 20 ಆಂಪಿಯರ್ ಹರಿಯುವ ಜೋಡಣೆಯಲ್ಲಿ ರೆಸಿಸ್ಟೆನ್ಸ್ ಒಂದು ಮಿಲಿಓಮ್ ಇದ್ದರೆ ಹುಟ್ಟುವ ಬಿಸಿ 0.4 ವ್ಯಾಟ್. ಅದು ಹತ್ತು ಮಿಲಿಓಮ್ ಆದರೆ 4 ವ್ಯಾಟ್. ನಾಲ್ಕು ವ್ಯಾಟ್ ಕೇಳಲು ಸಣ್ಣದು, ಆದರೆ ಅದು ಒಂದು ಸ್ಕ್ರೂ ಮೊನೆಯಷ್ಟು ಜಾಗದಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಹೊರಗೆ 43 ಡಿಗ್ರಿ ಬಿಸಿಲಿರುವ ಊರಿನಲ್ಲಿ ಹಗಲಿಡೀ ಹುಟ್ಟುತ್ತಿರುತ್ತದೆ. ಬಿಸಿ ಹೆಚ್ಚಿದಷ್ಟು ಕಪ್ಪು ಪದರ ದಪ್ಪವಾಗುತ್ತದೆ, ಪದರ ದಪ್ಪವಾದಷ್ಟು ಬಿಸಿ ಹೆಚ್ಚುತ್ತದೆ. ಆ ಬಿಸಿ ಕೆಳಗೇ ಜೋಡಿಸಿದ ಥರ್ಮಲ್ ರಿಲೇಗೆ (ಬಿಸಿ ಹೆಚ್ಚಾದರೆ ಮೋಟಾರ್ ನಿಲ್ಲಿಸುವ ಆ ಓವರ್‌ಲೋಡ್ ರಿಲೇಗೆ) ಇಳಿದು, ಮೋಟಾರ್ ಸರಿಯಿದ್ದರೂ ರಿಲೇ ಟ್ರಿಪ್ ಆಗುತ್ತದೆ. ಆ ಮಿಲ್ಲಿನಲ್ಲಿ ಆಗಿದ್ದು ಇದೇ. ವಾಯರನ್ನು ಎರಡು ಇಂಚು ಹಿಂದಕ್ಕೆ ಕತ್ತರಿಸಿ, ಹೊಸ ಲಗ್ ಹಾಕಿ ಕೂರಿಸಿದ ಮೇಲೆ ಸ್ಟಾರ್ಟರ್ ಟ್ರಿಪ್ ಆಗುವುದು ನಿಂತಿತು.

ಹೀಗಂತ ಮೂರು ಸಾವಿರದ ಕತ್ತರಿಯೇ ಬೇಕಿತ್ತು ಅಂತಲ್ಲ. ಕೀಲು ಬಿಗಿಯಿರುವ ಯಾವ ಕತ್ತರಿಯಾದರೂ, ಕಚ್ಚಿನಲ್ಲಿ ಇಟ್ಟು ಒಂದೇ ಒತ್ತಿಗೆ ಕತ್ತರಿಸಿದ್ದರೆ ತುದಿ ದುಂಡಗೆ ಉಳಿಯುತ್ತಿತ್ತು. ದುಬಾರಿ ಕತ್ತರಿ ಕೊಡುವ ಭರವಸೆ ಇಷ್ಟೇ: ಮೊದಲ ವಾರದ ತುಂಡು ಹೇಗಿತ್ತೋ ಮೂರನೇ ವರ್ಷದ್ದೂ ಹಾಗೇ ಇರುತ್ತದೆ, ಕೆಲಸದ ನಡುವೆ ಅದರ ಕಡೆ ಗಮನ ಕೊಡಬೇಕಾಗಿಲ್ಲ.

ರೂಪಾಯಿ ಲೆಕ್ಕ

"ಒಮ್ಮೆ ತಗೊಂಡ್ರ ಮುಗೀತು" ಅನ್ನುವ ವಾದವನ್ನು ಕಾಗದದ ಮೇಲೆ ಹಾಕಿ ನೋಡೋಣ. ದಿನಾ ಪ್ಯಾನಲ್ ಕೆಲಸ ಮಾಡುವವನ ಕೈಯಲ್ಲಿ ಅಗ್ಗದ ಕತ್ತರಿ ಒಂಬತ್ತು ಹತ್ತು ತಿಂಗಳು ಬರುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ವರ್ಷಕ್ಕೆ ಐದು ಕತ್ತರಿ, ಒಟ್ಟು 1,500 ರೂಪಾಯಿ. ಒಳ್ಳೆಯದು ಅದೇ ನಾಲ್ಕು ವರ್ಷ ಬಂದರೂ ಖರ್ಚು 3,000. ಬದಲಿಸುವ ಖರ್ಚಷ್ಟನ್ನೇ ನೋಡಿದರೆ ದುಬಾರಿ ಕತ್ತರಿ ತನ್ನ ಬೆಲೆಯನ್ನು ಹಿಂದಿರುಗಿಸುವುದಿಲ್ಲ, 1,500 ಕೈಬಿಡುತ್ತದೆ. ಅಂಗಡಿಯವರ ಮಾತು ಇಲ್ಲಿಗೆ ಸೋಲುತ್ತದೆ. ಎಂಟು ವರ್ಷ ಬಂದರೆ ಸರಿಸಮ ಆಗುತ್ತದೆ ನಿಜ, ಆದರೆ ಸೈಟಿನಲ್ಲಿ ಒಂದು ಕತ್ತರಿ ಎಂಟು ವರ್ಷ ಕಳೆಯದೆ ಉಳಿಯುವುದು ಅಪರೂಪ.

ಲೆಕ್ಕ ತಿರುಗುವುದು ಸಮಯ ಸೇರಿಸಿದಾಗ. ಒಂದು ಮಧ್ಯಮ ಪ್ಯಾನಲ್ಲಿನಲ್ಲಿ 150 ವಾಯರ್ ಅಂದರೆ 300 ತುದಿ. ಕೆದರಿದ ತುದಿಯನ್ನು ತಿರುಚಿ, ಮತ್ತೆ ಕತ್ತರಿಸಿ ಸರಿಮಾಡಲು ಸರಾಸರಿ ಐದು ಸೆಕೆಂಡ್ ಹೆಚ್ಚು ಹೋಗುತ್ತದೆ ಅಂತ ಹಿಡಿಯೋಣ. 1,500 ಸೆಕೆಂಡ್, ಅಂದರೆ 25 ನಿಮಿಷ. ಎಂಟು ತಾಸಿಗೆ 800 ರೂಪಾಯಿ ಕೂಲಿಯಾದರೆ ಪ್ಯಾನಲ್ಲಿಗೆ ಸುಮಾರು 42 ರೂಪಾಯಿ. ಆ 1,500 ರೂಪಾಯಿ ಅಂತರ ಸುಮಾರು 36 ಪ್ಯಾನಲ್ಲಿನಲ್ಲಿ ತೀರುತ್ತದೆ. ತಿಂಗಳಿಗೊಂದರಂತೆ ಮಾಡಿದರೂ ಮೂರು ವರ್ಷದಲ್ಲಿ ದುಡ್ಡು ವಾಪಸ್, ವಾರಕ್ಕೊಂದು ಮಾಡುವವನಿಗೆ ಒಂಬತ್ತು ತಿಂಗಳೂ ಬೇಡ. ಪೀಸ್ ಲೆಕ್ಕದಲ್ಲಿ ದುಡಿಯುವವನಿಗೆ ಇದು ನೇರವಾಗಿ ಜೇಬಿಗೆ ಬರುವ ದುಡ್ಡು. ದಿನಗೂಲಿಯವನಿಗೆ ಉಳಿದ ಸಮಯ ಗುತ್ತಿಗೆದಾರನ ಪಾಲಾಗುತ್ತದೆ. ಆದ್ದರಿಂದ ದಿನಗೂಲಿಯ ಹುಡುಗನಿಗೆ "ಒಳ್ಳೆ ಕತ್ರಿ ತಗೋ" ಅನ್ನುವ ಗುತ್ತಿಗೆದಾರ ಅದನ್ನು ತಾನೇ ಕೊಡಿಸುವುದು ನ್ಯಾಯ.

ಮನೆ ವೈರಿಂಗ್ ಮಾಡುವವರ ಲೆಕ್ಕ ಬೇರೆ. ಅವರ ಕೆಲಸದ ಬಹುಪಾಲು ಸಮಯ ಗೋಡೆ ಕೊರೆಯುವುದು, ಪೈಪು ಕೂರಿಸುವುದು, ವಾಯರ್ ಎಳೆಯುವುದರಲ್ಲಿ ಹೋಗುತ್ತದೆ. ಲೈಟಿಗೆ ಒಂದೂವರೆ, 16 ಆಂಪಿಯರ್ ಪ್ಲಗ್ಗಿಗೆ ಎರಡೂವರೆ, ಗೀಸರು ಎಸಿಗೆ ನಾಲ್ಕು. ಇವನ್ನು ಕತ್ತರಿಸಿ ಸಿಪ್ಪೆ ಸುಲಿಯಲು ಒಳ್ಳೆಯ ಪಕ್ಕಡ್ ಮತ್ತು ಸ್ಟ್ರಿಪ್ಪರ್ ಸಾಕು. ಕತ್ತರಿ ಅವರಿಗೆ ಎರಡನೇ ಸಾಲಿನ ಹತ್ಯಾರ. ಮುನ್ನೂರರದು ಅವರಿಗೆ ಎರಡು ವರ್ಷ ಬಂದರೂ ಬರಬಹುದು, ಸುರುವಿನಲ್ಲಿ ಹೇಳಿದ ಮಿಸ್ತ್ರಿ ಮನೆ ಕೆಲಸದವರಾಗಿದ್ದರೆ ಅವರ ಆಯ್ಕೆ ಪೂರ್ತಿ ಸರಿ.

ಸೋಲಾರ್ ಕೆಲಸದವರು ಇವೆರಡರ ನಡುವೆ ಬರುತ್ತಾರೆ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ಮಾಳಿಗೆಯ ಮೇಲಿನ ಕೆಲಸ ಹೆಚ್ಚಿದೆ. ಅಲ್ಲಿ ಬಳಸುವ ನಾಲ್ಕರ ಡಿಸಿ ಕೇಬಲ್ ಕಲಾಯಿ ಹಾಕಿದ ತಾಮ್ರ, ಮೇಲೆ ಎರಡು ಪದರದ ಗಟ್ಟಿ ಹೊದಿಕೆ, ಪಿವಿಸಿಗಿಂತ ಬಿಗಿಯಾದದ್ದು. ಸೋಲಾರ್ ಕೇಬಲ್‌ಗಳನ್ನು ಜೋಡಿಸುವ ಎಂಸಿ4 ಕನೆಕ್ಟರಿನ ಪಿನ್ನಿಗೆ ತುದಿ ನೆಟ್ಟಗೆ ಕತ್ತರಿಸಿರಬೇಕು, ಓರೆಯಾದರೆ ಒಂದು ಕಡೆಯ ಎಳೆಗಳು ಪಿನ್ನಿನ ತಳ ಮುಟ್ಟುವುದಿಲ್ಲ. ಡಿಸಿಯಲ್ಲಿ ಸಡಿಲ ಜೋಡಣೆ ಕಿಡಿ ಹೊತ್ತಿಸಿದರೆ ಎಸಿಯಂತೆ ಅದು ತಾನಾಗಿ ಆರುವುದಿಲ್ಲ. ಈ ಕೆಲಸಕ್ಕೆ ಕತ್ತರಿಗಿಂತ ಸಣ್ಣ ಕೇಬಲ್ ಕಟರ್ ಒಳ್ಳೆಯದು. ಕತ್ತರಿಯೇ ಸಾಕು ಅನ್ನುವವರು ಕಚ್ಚು ದುಂಡಗಿರುವ, ಸ್ಕ್ರೂ ಕೀಲಿನ ಕತ್ತರಿ ತಗೊಳ್ಳಬೇಕು. ಏಳುನೂರರಿಂದ ಸಾವಿರದ ಒಳಗೂ ಅಂಥವು ಸಿಗುತ್ತವೆ, ಬಹಳ ಜನರಿಗೆ ಈ ನಡುವಿನ ಬೆಲೆಯದೇ ಸರಿಹೊಂದುತ್ತದೆ ಅಂತ ನನ್ನ ನಂಬಿಕೆ.

ಹಿಡಿಕೆಯೊಳಗಿನ ಕ್ರಿಂಪಿಂಗ್

ದುಬಾರಿ ಕತ್ತರಿಗಳ ಹಿಡಿಕೆಗಳ ನಡುವೆ, ಕೀಲಿನ ಹಿಂದೆ, ಲಗ್ ಒತ್ತಲು ಒಂದು ಜಾಗ ಮಾಡಿರುತ್ತಾರೆ. "ಕ್ರಿಂಪಿಂಗ್ ಟೂಲ್ ಬೇರೆ ಬ್ಯಾಡ" ಅಂತ ಮಾರುವವರು ಇದನ್ನು ಮುಂದೆ ಮಾಡುತ್ತಾರೆ. ಇದಕ್ಕಾಗಿ ದುಡ್ಡು ಹೆಚ್ಚು ಕೊಡಬೇಡಿ. ರ್ಯಾಚೆಟ್ ಇರುವ ಕ್ರಿಂಪಿಂಗ್ ಟೂಲ್ ಪೂರ್ತಿ ಒತ್ತುವವರೆಗೆ ಬಾಯಿ ಬಿಡುವುದಿಲ್ಲ. ಒತ್ತುವವನ ಕೈ ದಣಿದಿರಲಿ, ಸಂಜೆಯಾಗಿರಲಿ, ನೂರನೇ ಲಗ್ಗೂ ಮೊದಲನೆಯದರಷ್ಟೇ ಒತ್ತಿರುತ್ತದೆ. ಕತ್ತರಿಯ ಹಿಡಿಕೆಯಲ್ಲಿ ಒತ್ತಿದ್ದು ಕೈಯ ಬಲದ ಮೇಲೆ ನಿಂತಿದೆ, ಅದರಲ್ಲೂ ಅದು ಲಗ್ಗನ್ನು ಒಂದು ಕಡೆಯಿಂದ ತಗ್ಗು ಮಾಡುತ್ತದೆಯೇ ಹೊರತು ಸುತ್ತಲೂ ಒತ್ತುವುದಿಲ್ಲ. ಏಣಿಯ ಮೇಲೆ ನಿಂತಾಗ ಒಂದೆರಡು ಲಗ್ ಒತ್ತಲು ಸರಿ, ಪ್ಯಾನಲ್ ತುಂಬ ಒತ್ತಲು ಅಲ್ಲ. ಒತ್ತಿದ ಮೇಲೆ ಲಗ್ ಹಿಡಿದು ವಾಯರನ್ನು ಜಗ್ಗಿ ನೋಡಿ. ಕೈಯ ಜಗ್ಗಿಗೆ ಕಿತ್ತು ಬಂದರೆ ಆ ಜೋಡಣೆ ಬೇಸಿಗೆ ದಾಟುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಹಿಡಿಕೆಯ ಪ್ಲಾಸ್ಟಿಕ್ಕಿನದು. ಮೂರು ಸಾವಿರದ ಕತ್ತರಿಯ ದಪ್ಪ ಹಿಡಿಕೆ ನೋಡಿ ಅದು ಕರೆಂಟ್ ತಡೆಯುತ್ತದೆ ಅಂದುಕೊಳ್ಳುವವರಿದ್ದಾರೆ. ಐಇಸಿ 60900 ಅಂತಲೂ, ಎರಡು ತ್ರಿಕೋನದ ಗುರುತಿನ ಜೊತೆ 1000 ವಿ ಅಂತಲೂ ಹತ್ಯಾರದ ಮೇಲೆ ಬರೆದಿದ್ದರೆ ಮಾತ್ರ ಅದು ಕರೆಂಟ್ ಇರುವಲ್ಲಿ ಬಳಸುವಂಥದ್ದು. ಸಾಮಾನ್ಯ ಎಲೆಕ್ಟ್ರಿಷಿಯನ್ ಕತ್ತರಿಗಳಲ್ಲಿ ಈ ಗುರುತು ಇರುವುದಿಲ್ಲ, ಅವುಗಳ ಹಿಡಿಕೆ ಕೈಗೆ ಹಿತವಾಗಲೆಂದು ಇರುವುದು. ಲೋಡ್ ಶೆಡ್ಡಿಂಗ್ ಇದೆ, ಲೈನ್ ಹೋಗಿದೆ ಅಂತ ವಾಯರಿಗೆ ಕತ್ತರಿ ಹಾಕಬೇಡಿ. ನಮ್ಮ ಕಡೆ ಮನೆ ಮನೆಗೂ ಇನ್ವರ್ಟರ್ ಇದೆ, ಕಂಬದಲ್ಲಿ ಕರೆಂಟ್ ಇಲ್ಲದಾಗಲೂ ಆ ಸರ್ಕ್ಯೂಟಿನಲ್ಲಿ 230 ವೋಲ್ಟ್ ಓಡುತ್ತಿರುತ್ತದೆ. ಮೇನ್ ಇಳಿಸಿ, ಇನ್ವರ್ಟರ್ ಆಫ್ ಮಾಡಿ, ಟೆಸ್ಟರನ್ನು ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಜಾಗದಲ್ಲಿ ಹಚ್ಚಿ ನೋಡಿ, ಆಮೇಲೆ ಕತ್ತರಿಸಬೇಕಾದ ವಾಯರಿಗೆ ಹಚ್ಚಿ. ಕರೆಂಟಿರುವ ಎರಡು ಕೋರ್ ವಾಯರನ್ನು ಒಟ್ಟಿಗೆ ಕತ್ತರಿಸಿದರೆ ಎರಡೂ ಅಲಗಿನಲ್ಲಿ ಸುಟ್ಟ ತೂತು ಬೀಳುತ್ತದೆ. ಅದಕ್ಕಿಂತ ಮೊದಲು ಕೈ, ಕಣ್ಣು ಸುಡುತ್ತದೆ.

ಮರಳು, ಫರ್ಸಿ ಧೂಳು, ಜಿಐ ತಂತಿ

ಈ ಭಾಗದಲ್ಲಿ ಕತ್ತರಿ ಹಾಳಾಗುವ ರೀತಿಯೇ ಬೇರೆ. ಶಹಾಬಾದ್ ಫರ್ಸಿ ಸುಣ್ಣದ ಕಲ್ಲು, ಉಕ್ಕಿಗಿಂತ ಬಹಳ ಮೆದು. ಅದರ ಧೂಳು ಅಂಚನ್ನು ತೇಯುವುದಿಲ್ಲ, ಆದರೆ ಎಣ್ಣೆ ಸೋಕಿದ ಕೀಲಿನಲ್ಲಿ ಕೂತು ಹಿಟ್ಟಿನಂತೆ ಗಟ್ಟಿಯಾಗುತ್ತದೆ. ಗೋಡೆ ಕೊರೆದಾಗ ಉದುರುವ ಪ್ಲಾಸ್ಟರಿನ ಮರಳು ಇದರ ತದ್ವಿರುದ್ಧ. ಮರಳಿನಲ್ಲಿರುವ ಬೆಣಚು ಗಡಸು ಉಕ್ಕನ್ನೂ ಗೀರುತ್ತದೆ. ಆ ಮರಳು ಮೆತ್ತಿದ ವಾಯರನ್ನು ಒರೆಸದೆ ಕತ್ತರಿಸಿದರೆ ಮೂರು ಸಾವಿರದ ಕತ್ತರಿಯ ಹಲ್ಲೂ ಸವೆಯುತ್ತದೆ. ಕೊರೆಯುವ ದಿನ ಒಳ್ಳೆಯ ಕತ್ತರಿಯನ್ನು ಚೀಲದಿಂದ ತೆಗೆಯಲೇಬಾರದು.

ಎರಡನೇ ಶತ್ರು ಕಬ್ಬಿಣ. ಕಂಬದಿಂದ ಮನೆಗೆ ಬರುವ ಅಲ್ಯೂಮಿನಿಯಂ ಸರ್ವಿಸ್ ವಾಯರಿನ ಜೊತೆ ಭಾರ ಹೊರಲು ಜಿಐ ತಂತಿ ಇರುತ್ತದೆ, ಎಂಟು ಗೇಜಿನದು ಅಂದರೆ ನಾಲ್ಕು ಮಿ.ಮೀ. ದಪ್ಪ. ಅಲ್ಯೂಮಿನಿಯಂ ಬೆಣ್ಣೆಯಂತೆ ಕತ್ತರಿಸಿದ ಕೈ ಅದೇ ಭರದಲ್ಲಿ ಜಿಐ ತಂತಿಗೂ ಕತ್ತರಿ ಹಾಕಿದರೆ ಅಂಚು ಚಿಪ್ಪು ಎದ್ದು ಹೋಗುತ್ತದೆ. ಗಡಸು ಉಕ್ಕು ಬಾಗುವುದಿಲ್ಲ, ಮುರಿಯುತ್ತದೆ. ಆದ್ದರಿಂದ ಇಂಥ ಪೆಟ್ಟಿಗೆ ದುಬಾರಿ ಕತ್ತರಿ ಅಗ್ಗದ್ದಕ್ಕಿಂತ ಬೇಗ ಬಲಿಯಾಗುತ್ತದೆ. ಆರ್ಮರ್ಡ್ ಕೇಬಲ್ಲಿನ ಕಬ್ಬಿಣದ ಪಟ್ಟಿ, ಪೈಪಿನೊಳಗೆ ವಾಯರ್ ಎಳೆಯುವ ಸ್ಪ್ರಿಂಗ್, ಸೆಂಟ್ರಿಂಗಿನ ಬೈಂಡಿಂಗ್ ತಂತಿ ಎಲ್ಲಕ್ಕೂ ಇದೇ ಮಾತು. ಕಬ್ಬಿಣಕ್ಕೆ ಪಕ್ಕಡ್ ಇದೆ, ಹ್ಯಾಕ್ಸಾ ಬ್ಲೇಡ್ ಇದೆ.

ಹೊಲದ ಬೋರ್‌ವೆಲ್ ಕೆಲಸದಲ್ಲಿ ಮಾತ್ರ ಸ್ಟೇನ್‌ಲೆಸ್ ಕತ್ತರಿ ತನ್ನ ಬೆಲೆ ತೋರಿಸುತ್ತದೆ. ನೀರು, ಕೆಸರು, ಗೊಬ್ಬರದ ಉಪ್ಪು ತಾಗಿದ ಕೈ. ಮೇಲೆ ಮೆರುಗು ಹಾಕಿದ ಸಾದಾ ಉಕ್ಕು ಒಂದು ಮಳೆಗಾಲದಲ್ಲಿ ಕೀಲಿನ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆಳಂದ ಕಡೆಯ ಹೊಲವೊಂದರಲ್ಲಿ ಸಬ್‌ಮರ್ಸಿಬಲ್ ಕೇಬಲ್ ಜೋಡಿಸುವುದನ್ನು ನೋಡಿದ್ದು ಕಣ್ಣಿಗೆ ಕಟ್ಟಿದಂತಿದೆ. ಆ ಮಿಸ್ತ್ರಿ ಚಪ್ಪಟೆ ಮೂರು ಕೋರ್ ಕೇಬಲ್ಲಿಗೆ ಚಾಕು ಹಾಕಲೇ ಇಲ್ಲ. ಕತ್ತರಿಯ ತುದಿಯಿಂದ ಕೋರುಗಳ ನಡುವೆ ಒಂದು ಸೆಂಟಿಮೀಟರಿನಷ್ಟು ಸೀಳಿ, ಎರಡು ಪಕ್ಕಡಿನಿಂದ ಕೋರುಗಳನ್ನು ಹಿಡಿದು ಜಗ್ಗಿದರು. ಹೊದಿಕೆ ತಾನೇ ನೆಟ್ಟಗೆ ಸೀಳಿಕೊಂಡು ಬಂತು. ಇಳಿಬಿದ್ದ ಹೊದಿಕೆಯನ್ನು ಕತ್ತರಿಯಿಂದ ಸುತ್ತಲೂ ಕತ್ತರಿಸಿದರು. ಮೂರು ಜೋಡಣೆಗಳು ಒಂದೇ ಜಾಗದಲ್ಲಿ ಬರದಂತೆ ಒಂದೊಂದು ಕೋರನ್ನು ಐದಾರು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ ಕತ್ತರಿಸಿಕೊಂಡರು. ಒತ್ತಿದ ಜೋಡಣೆಯ ಮೇಲೆ ರಬ್ಬರ್ ಟೇಪನ್ನು ಎಳೆದು, ಒಂದು ಸುತ್ತಿನ ಅರ್ಧ ಇನ್ನೊಂದರ ಮೇಲೆ ಬರುವಂತೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪು. ಪಕ್ಕದಲ್ಲಿ ಕೂತ ಹುಡುಗ "ಚಾಕು ಕೊಡ್ಲೇನ್ರಿ ಮಾಮಾ?" ಅಂದಾಗ "ಚಾಕು ಒಳಗಿನ ಸಿಪ್ಪಿಗಿ ತಾಕ್ತದಪ್ಪ, ಆಮ್ಯಾಲ ನೀರು ತಾನೇ ದಾರಿ ಹುಡುಕ್ತದ" ಅಂದರು. ಆರುನೂರು ಅಡಿ ಕೆಳಗೆ ಒಂದು ಗೀರಿನಿಂದ ನೀರು ಒಳಗೆ ಹೋದರೆ ಪಂಪ್ ಮತ್ತೆ ಮೇಲೆತ್ತುವ ಖರ್ಚಿನ ಮುಂದೆ ಕತ್ತರಿಯ ಬೆಲೆ ಏನೂ ಅಲ್ಲ. ಅವರ ಕೈಯಲ್ಲಿದ್ದದ್ದು ದುಬಾರಿ ಕತ್ತರಿಯೇ, ತುದಿ ಕೊಂಚವೂ ಅಲುಗಾಡುತ್ತಿರಲಿಲ್ಲ.

ಕೌಂಟರಿನ ಮುಂದೆ ನಿಂತು

ಬೆಲೆ ಎಷ್ಟೇ ಇರಲಿ, ತಗೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಬೇಕು. ಬೆಳಕಿಗೆ ಹಿಡಿದು ಸಂದು ನೋಡುವುದನ್ನು ಮೇಲೆ ಹೇಳಿದ್ದೇನೆ. ಒಳಗೆ ಸ್ಪ್ರಿಂಗ್ ಇಲ್ಲದ ಕತ್ತರಿಯಾದರೆ ಒಂದು ಹಿಡಿಕೆಯನ್ನು ಅಡ್ಡ ಹಿಡಿದು ಇನ್ನೊಂದನ್ನು ಬಿಡಿ. ಅದು ದೊಪ್ಪನೆ ಬಿದ್ದರೆ ಕೀಲು ಸಡಿಲ, ನಿಂತಲ್ಲೇ ನಿಂತರೆ ಅತಿ ಬಿಗಿ, ನಿಧಾನ ಇಳಿದು ಅರ್ಧದಲ್ಲಿ ನಿಂತರೆ ಹದ. ಅಲಗುಗಳನ್ನು ಅರ್ಧ ತೆರೆದು ತುದಿಗಳನ್ನು ಪಕ್ಕಕ್ಕೆ ಒತ್ತಿ, ಅಲುಗಾಟ ಬೆರಳಿಗೆ ಗೊತ್ತಾಗಬಾರದು. ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ತುದಿಯಿಂದ ಕತ್ತರಿಸಿ ನೋಡಿ. ವಾಯರಿಗಿಂತ ಇದೇ ಒಳ್ಳೆಯ ಪರೀಕ್ಷೆ, ಕೀಲು ಸರಿಯಿಲ್ಲದ ಕತ್ತರಿ ಪ್ಲಾಸ್ಟಿಕ್ಕನ್ನು ಕತ್ತರಿಸದೆ ಮಡಿಚುತ್ತದೆ. ಅದಾದ ಮೇಲೆ ಒಂದೂವರೆ ವಾಯರನ್ನು ಕಚ್ಚಿನಲ್ಲಿ ಕತ್ತರಿಸಿ ತುದಿ ನೋಡಿ, 22 ಎಳೆಗಳೂ ಒಂದೇ ಮಟ್ಟದಲ್ಲಿರಬೇಕು. ಹೆಸರಾದ ಕಂಪನಿಯ ನಕಲು ಮಾಲೂ ಬಜಾರಿನಲ್ಲಿದೆ, ಹೆಸರು ಉಗುರಿಗೆ ಕಿತ್ತು ಬರುವ ಬಣ್ಣದಲ್ಲಿದ್ದರೆ ಬಿಟ್ಟುಬಿಡಿ. ಬಿಲ್ ಕೊಡದ ದುಬಾರಿ ಕತ್ತರಿಯೂ ಬೇಡ. ಎಡಗೈಯವರು ಒಂದು ಮಾತು ಗಮನಿಸಬೇಕು: ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳುಗಳು ಅಲಗನ್ನು ಬೇರ್ಪಡಿಸುವ ಕಡೆಗೆ ಒತ್ತುತ್ತವೆ, ಅಲ್ಲಿ ಕೀಲಿನ ಬಿಗಿ ಇನ್ನೂ ಮುಖ್ಯ.

ಸಾಣೆಯ ವಿಷಯ. ಸೈಕಲ್ಲಿನ ಮೇಲೆ ಸಾಣೆ ಹಿಡಿಯಲು ಬರುವವರಿಗೆ ಈ ಕತ್ತರಿ ಕೊಡಬೇಡಿ. ಅವರ ಚಕ್ರ ಬಟ್ಟೆ ಕತ್ತರಿಗೆ, ಕುಡಗೋಲಿಗೆ ಹೊಂದುವಂಥದ್ದು. ಇಲ್ಲಿ ಅದು ಸಣ್ಣ ಹಲ್ಲುಗಳನ್ನು ಒಂದೇ ಸುತ್ತಿಗೆ ಅಳಿಸುತ್ತದೆ, ಅಂಚು ನೀಲಿಗಟ್ಟಿತೆಂದರೆ ಉಕ್ಕಿನ ಹದವೂ ಹೋಯಿತು. ಮನೆಯಲ್ಲಿ ಸಣ್ಣ ಡೈಮಂಡ್ ಕಲ್ಲು ಇದ್ದರೆ ಹಲ್ಲಿಲ್ಲದ ಅಲಗನ್ನು ಮಾತ್ರ ತೀಡಿ, ಅದೂ ಹೊರಗಿನ ಇಳಿಜಾರಿನ ಮೇಲೆ ಮಾತ್ರ. ಇಳಿಜಾರಿಗೆ ಮಾರ್ಕರ್ ಮಸಿ ಬಳಿದು ಒಂದು ಸಲ ತೀಡಿ ನೋಡಿದರೆ ಮಸಿ ಎಲ್ಲಿ ಹೋಯಿತು ಅನ್ನುವುದರಿಂದ ಕೋನ ಸರಿಯಿದೆಯೇ ತಿಳಿಯುತ್ತದೆ. ಕೀಲಿನಿಂದ ತುದಿಗೆ ನಾಲ್ಕೈದು ಸಲ ಸಾಕು. ಒಳಗಿನ ಚಪ್ಪಟೆ ಮುಖವನ್ನು ತೀಡಿದರೆ ಅಲಗುಗಳ ಬಾಗು ಕೆಟ್ಟು ಕತ್ತರಿ ಮತ್ತೆ ಸರಿಹೋಗುವುದಿಲ್ಲ. ವಾರಕ್ಕೊಮ್ಮೆ ಹಳೆ ಬ್ರಷ್ಷಿನಿಂದ ಕೀಲು ಉಜ್ಜಿ, ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ. ಗ್ರೀಸ್ ಹಚ್ಚಿದರೆ ಧೂಳನ್ನು ಕರೆದು ಕೂರಿಸಿದಂತೆ.

ಐಟಿಐ ಮುಗಿಸಿ ಈಗಷ್ಟೇ ಕೆಲಸಕ್ಕೆ ಇಳಿಯುವ ಹುಡುಗನ ಕೈಯಲ್ಲಿ ಮೂರು ಸಾವಿರ ಇದೆ, ಏನು ತಗೊಳ್ಳಲಿ ಅಂತ ಕೇಳಿದರೆ ಅಷ್ಟನ್ನೂ ಒಂದು ಕತ್ತರಿಗೆ ಸುರಿಯಬೇಡ ಅಂತಲೇ ಹೇಳುತ್ತೇನೆ. ಮೊದಲು 1000 ವಿ ಗುರುತಿನ ಪಕ್ಕಡ್, ನಂಬುವಂಥ ಟೆಸ್ಟರ್, ಒಂದು ಮಲ್ಟಿಮೀಟರ್. ಆಮೇಲೆ ಸ್ಟ್ರಿಪ್ಪರ್, ರ್ಯಾಚೆಟ್ ಕ್ರಿಂಪಿಂಗ್ ಟೂಲ್. ಉಳಿದದ್ದರಲ್ಲಿ ಮುನ್ನೂರರ ಕತ್ತರಿ, ಕೀಲು ನೋಡಿ ಆರಿಸಿದ್ದು. ಕೆಲಸ ಪ್ಯಾನಲ್ ಕಡೆಗೋ, ಫೈಬರ್ ಕಡೆಗೋ, ಬೋರ್‌ವೆಲ್ ಕಡೆಗೋ ತಿರುಗಿ ದಿನಾ ಕತ್ತರಿ ಕೈಯಲ್ಲೇ ಇರುವಂತಾದಾಗ ಸ್ಕ್ರೂ ಕೀಲಿನ ಒಳ್ಳೆಯದನ್ನು ಕೊಂಡು, ಸೊಂಟದ ಪಟ್ಟಿಗೆ ಚರ್ಮದ ಒರೆ ಹೊಲಿಸಿ, ಹಿಡಿಕೆಯ ಮೇಲೆ ಬಿಸಿ ಸೂಜಿಯಿಂದ ಹೆಸರು ಬರೆದುಕೊಳ್ಳಲಿ. ಹಳೆಯ ಮುನ್ನೂರರದು ಚೀಲದಲ್ಲೇ ಇರಲಿ, ಗೋಡೆ ಕೊರೆಯುವ ದಿನಕ್ಕೆ ಮತ್ತು ಕೇಳಿ ಪಡೆಯುವವರಿಗೆ ಕೊಡಲು ಅದು ಬೇಕಾಗುತ್ತದೆ.